ಎಲ್ಲಿ ನಿಂತರೆ ಕಾಣುತ್ತದೆ

ಮೂರು ವರ್ಷದ ಅನುಭವದಿಂದ ಹೇಳುತ್ತೇನೆ:
ವಾಸ್ಕೋದ ಕಾರ್ನಿವಲ್ ಮೆರವಣಿಗೆ ನೋಡಲು
ಚರ್ಚಿನ ತಿರುವು ಬೇಡ.
ಅಲ್ಲಿ ಬರುವವರೆಲ್ಲ ಎತ್ತರ, ಸಾಲದ್ದಕ್ಕೆ
ಹೆಗಲ ಮೇಲೆ ಇನ್ನೊಬ್ಬರನ್ನು ಕೂರಿಸಿಕೊಂಡಿರುತ್ತಾರೆ.
ಮೊದಲ ವರ್ಷ ನೀಲಾಂಬಿಕೆ ಕಂಡದ್ದು
ನಲವತ್ತು ಪ್ಯಾಂಟುಗಳ ಹಿಂಜೇಬು, ಒಂದು ಬಾಚಣಿಗೆ,
ಯಾರದೋ ಕೈಯಲ್ಲಿ ಕರಗುತ್ತಿದ್ದ ಕುಲ್ಫಿ.
ಮನೆಗೆ ಬಂದು ಅಪ್ಪನಿಗೆ ವರದಿ ಕೊಟ್ಟಳು:
"ಕುಲ್ಫಿ ಛಲೋ ಇತ್ತು. ಮೆರವಣಿಗಿ ಬರಲೇ ಇಲ್ಲ."

ಎರಡನೆಯ ವರ್ಷ ಬ್ಯಾಂಕಿನ ಮೆಟ್ಟಿಲು.
ಮೂರು ಗಂಟೆಗೇ ಹೋಗಿ ಚಾದರ ಹಾಸಿದೆ.
ಬಿಸಿಲು ನೆಟ್ಟಗೆ ಮೋರೆಗೆ, ಕೆಳಗೆ ಕಲ್ಲು ರೊಟ್ಟಿಯ ಹಂಚು.
ಶರಣ ಆಗಿನ್ನೂ ಸೊಂಟದ ಮೇಲೆ.
ನಾಲ್ಕಕ್ಕೆ ಉಚ್ಚೆ, ಐದಕ್ಕೆ ಹಸಿವು,
ಆರಕ್ಕೆ ಮೊದಲ ಡೋಲು ಬಿದ್ದದ್ದೇ ತಡ
ನನ್ನ ಸೆರಗಿನೊಳಗೆ ತಲೆ ತೂರಿಸಿ
ಡೋಲಿನವನೇ ತಿರುಗಿ ನೋಡುವಷ್ಟು ಅತ್ತ.

ಹಾಗಾಗಿ ಈ ಸಲ
ಎರಡು ದಿನ ಮೊದಲೇ ಸ್ವತಂತ್ರ ಪಥದಲ್ಲಿ ನಡೆದೆ,
ಜಮೀನು ಅಳೆಯಲು ಬಂದವಳಂತೆ.
ನೆರಳು ಯಾವ ಕಡೆ, ನಲ್ಲಿ ಎಲ್ಲಿ,
ಓಡಿಹೋಗಲು ಓಣಿ ಎಷ್ಟು ಹೆಜ್ಜೆ.
ಅಲ್ಲಲ್ಲಿ ಕುಕ್ಕರಗಾಲಲ್ಲಿ ಕೂತು
ಆರು ವರ್ಷದ ಕಣ್ಣಿನ ಎತ್ತರದಿಂದ ರಸ್ತೆ ನೋಡಿದೆ.
ಪಾನ್ ಅಂಗಡಿಯವ ಕೇಳಿದ, ಏನು ಕಳೆಯಿತು?
ಕ್ರಿಸ್ಪಿನ್‌ನ ಸಲೂನು ಎಲ್ಲದಕ್ಕೂ ಸರಿ ಹೊಂದಿತು.
ಎರಡು ಕುರ್ಚಿ ಹೊರಗೆ ಹಾಕ್ತೇನೆ ಬಾಯಿ, ಅಂದ,
ಮೇಲಕ್ಕೆತ್ತುವ ಕುರ್ಚಿಯನ್ನೂ ತೋರಿಸಿದ.

ಆ ಸಂಜೆ ಹೋದರೆ
ಸಲೂನಿನ ಎದುರಿಗೇ ಯಾವುದೋ ಕಂಪನಿಯ ಮಂಟಪ.
ನಮ್ಮ ಕಡೆಗೆ ಅದರ ಬೆನ್ನು: ತಾಡಪಾಲು, ಬಿದಿರು,
ಎರಡು ಖಾಲಿ ಕ್ರೇಟು.
ಕ್ರಿಸ್ಪಿನ್ ಕತ್ತರಿ ಹಿಡಿದುಕೊಂಡೇ ಬೈಯುತ್ತಿದ್ದ,
ಕೊಂಕಣಿಯಲ್ಲಿ, ಆಮೇಲೆ ಯಾವುದೋ ಹಳೆಯ ಭಾಷೆಯಲ್ಲಿ.

ನೀಲಿಯ ತುಟಿ ನಡುಗುವ ಮೊದಲೇ
ಓಡಿಹೋಗಲೆಂದು ಅಳೆದಿಟ್ಟ ಓಣಿಗೆ ಇಳಿದೆ.
ಓಣಿ ಮುಗಿದಲ್ಲಿ
ಮೆರವಣಿಗೆ ನಿಂತಿತ್ತು.

ಇಡೀ ಮೆರವಣಿಗೆ, ಸದ್ದಿಲ್ಲದೆ.
ಜನರೇಟರಿಗೆ ಇನ್ನೂ ಡೀಸೆಲ್ ಹುಯ್ಯುತ್ತಿದ್ದರು.
ಅಷ್ಟಪದಿಯ ಹೊಟ್ಟೆಯಿಂದ ಒಬ್ಬ ಮುಖ ಹೊರಗೆ ಹಾಕಿ ಚಹಾ ಕುಡಿಯುತ್ತಿದ್ದ.
ಗರಿಯ ಕಿರೀಟದ ಹುಡುಗಿ ಚಪ್ಪಲಿಗೆ ಪಿನ್ನು ಹುಡುಕುತ್ತಿದ್ದಳು,
ನನ್ನ ಬಳೆಯಲ್ಲಿದ್ದದ್ದನ್ನು ಬಿಚ್ಚಿ ಕೊಟ್ಟೆ.
ಶರಣ ಸೊಂಟದಿಂದ ಜಾರಿ ಇಳಿದು
ರದ್ದಿ ಕಾಗದದ ಮೊಸಳೆಯ ಹಲ್ಲು ಒಂದೊಂದೇ ಮುಟ್ಟಿದ.
ಅದು ನಿಂತಿತ್ತು, ನಾವು ಸಾಗಿದೆವು.
ಕೈಬೀಸುವುದನ್ನು ರೂಢಿ ಮಾಡುತ್ತಿದ್ದವರು ನಮಗೇ ಬೀಸಿದರು,
ನೀಲಿ ಮಂತ್ರಿಯ ಹಾಗೆ ಎರಡೂ ಕಡೆ ತಿರುಗಿ ಬೀಸಿದಳು.
ಆಮೇಲೆ ಕೇಳಿದಳು: "ಅವ್ವಾ, ಮೆರವಣಿಗಿ ಯಾವಾಗ ಸುರು?"

ಇನ್ನು ಬಾಣಬಿರುಸು. ರಾತ್ರಿ ಒಂಬತ್ತಕ್ಕೆ, ಬಂದರಿನ ಮೇಲೆ.
ಜೆಟ್ಟಿಯ ಕಡೆ ಹೋಗಲೇ ಇಲ್ಲ, ಸದ್ದಿಗೆ ಶರಣ ಒಲ್ಲ.
ತಾರಸಿಯ ಬೀಗ ಮಾಲಕರ ಜೊತೆ ಮಡಗಾಂವಿಗೆ ಹೋಗಿತ್ತು.
ಉಳಿದದ್ದು ಬಚ್ಚಲಿನ ಕಿಟಕಿ:
ಬಕೆಟ್ಟು ಬೋರಲು ಹಾಕಿ ಇಬ್ಬರನ್ನೂ ನಿಲ್ಲಿಸಿದರೆ
ಎದುರಿನ ನೀರಿನ ಟಾಕಿಯ ಮೇಲೆ ಒಂದು ಗೇಣು ಆಕಾಶ.
ಬೆಳಕು ಮೊದಲು, ಸದ್ದು ತಡವಾಗಿ, ಅದೂ ಮೆತ್ತಗೆ,
ಪಕ್ಕದ ಮನೆಯಲ್ಲಿ ಯಾರೋ ಹಾಸಿಗೆ ಕೊಡವಿದ ಹಾಗೆ.
ಪ್ರತಿ ಹೂವಿನದೂ ಮೇಲಿನರ್ಧ ಮಾತ್ರ.

ಕ್ರೇನಿನ ಪಾಳಿಯಲ್ಲಿದ್ದ ಅವರು ಫೋನು ಮಾಡಿದರು.
"ಕಾಣಾಕತ್ತದೇನು?"
"ಅರ್ಧ."
"ನನಗ ಕೆಳಗಿನರ್ಧ. ಮ್ಯಾಲ ಹಡಗಿನ ಹೊಗಿ."
ನೀಲಿ ಫೋನು ಕಸಿದುಕೊಂಡಳು:
"ಅಪ್ಪಾ, ಹಸರು ಈಗ ಇಳೀತು. ನಿನ್ನ ಕಡಿ ಬಂತಾ?"
"ಬಂತು."
"ಕೆಂಪು?"
"ತಡಿ... ಹಾಂ, ಬಂತು."
ಹಾಗೆ ಇಪ್ಪತ್ತು ನಿಮಿಷ.
ಶರಣ ಕಿಟಕಿಯ ಸರಳಿಗೆ ಕೆನ್ನೆ ಒತ್ತಿ
ನಿಂತಲ್ಲೇ ನಿದ್ದೆ ಹೋದ, ಉಗುರಲ್ಲಿ ಮೊಸಳೆಯ ಹಸಿರು ಬಣ್ಣ.

ಬಕೆಟ್ಟಿನ ತಳ ಸೀಳಿದೆ.
ಬೆಳಿಗ್ಗೆ ನೀರು ಹಿಡಿದಾಗ ತಿಳಿಯಿತು.